ಕಾಳೀ ಕೊಳ್ಳದ ವಿದ್ಯುತ್ತು ಮತ್ತು ಕೊನೆಯ ಕಂಬ

ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಸಹ್ಯಾದ್ರಿಯಲ್ಲಿ ಹುಟ್ಟುವ ಕಾಳೀ ನದಿಯು ಸುಮಾರು ೧೮೪ ಕಿಲೋಮೀಟರು ಹರಿದು, ಕಾರವಾರದ ಸದಾಶಿವಗಡದ ಬುಡದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಉದ್ದದ ಲೆಕ್ಕದಲ್ಲಿ ಕೃಷ್ಣೆ ಕಾವೇರಿಯರ ಮುಂದೆ ಇದು ಬಲು ಚಿಕ್ಕ ನದಿ. ಆದರೂ ಈ ಒಂದೇ ಕೊಳ್ಳದಲ್ಲಿ ಸುಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಎಂಬ ನಾಲ್ಕು ಜಲವಿದ್ಯುತ್ ಕೇಂದ್ರಗಳೂ ಕೈಗಾದ ಅಣುವಿದ್ಯುತ್ ಸ್ಥಾವರವೂ ನೆಲೆಗೊಂಡಿವೆ. ಇವೆಲ್ಲವುಗಳ ಸ್ಥಾಪಿತ ಸಾಮರ್ಥ್ಯವನ್ನು ಕೂಡಿಸಿದರೆ ೨೦೦೦ ಮೆಗಾವಾಟಿಗೂ ಮಿಕ್ಕುತ್ತದೆ. ಇಷ್ಟೊಂದು ಶಕ್ತಿಯನ್ನು ಹೊರಗೆಡಹುವ ಈ ಸೀಮೆಯಲ್ಲಿಯೇ, ಕಾರವಾರ ಅಂಕೋಲೆಗಳ ಒಳನಾಡಿನ ಅನೇಕ ಮಜರೆಗಳು ಬಹುಕಾಲ ಚಿಮಣಿ ದೀಪದ ಬೆಳಕಿನಲ್ಲಿಯೇ ರಾತ್ರಿಗಳನ್ನು ಕಳೆದವು. ತಂತಿ ಬಂದ ಮೇಲೂ ಮಳೆಗಾಲದ ಸಂಜೆಗಳಲ್ಲಿ ಅಲ್ಲಿ ಬೆಳಕು ನೆಚ್ಚುವಂತಹದಾಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆ ಹೇಳಿ ಸುಮ್ಮನಾಗುವುದು ಸುಲಭ. ಕತ್ತಲೆಗೆ ಕಾರಣವೇನೆಂಬುದನ್ನು ಲೆಕ್ಕ ಹಾಕಿ ತಿಳಿಯುವುದು ವಿದ್ಯಾರ್ಥಿಗಳಿಗೆ ಹೆಚ್ಚು ಉಪಯುಕ್ತವಾದೀತು.

ಮೊದಲು ನೀರಿನ ಲೆಕ್ಕ. ಎತ್ತರದಲ್ಲಿರುವ ವಸ್ತುವಿನಲ್ಲಿ ಅಡಗಿರುವ ಶಕ್ತಿಯು ಅದರ ರಾಶಿ, ಗುರುತ್ವ ಮತ್ತು ಎತ್ತರ ಈ ಮೂರರ ಗುಣಲಬ್ಧಕ್ಕೆ ಸಮವೆಂಬುದನ್ನು ಪ್ರೌಢಶಾಲೆಯ ಪಾಠದಲ್ಲಿ ಓದಿದ್ದೇವೆ. ಕಾಳಿಯ ಬೊಮ್ಮನಹಳ್ಳಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ ಸುಮಾರು ೪೩೮ ಮೀಟರು. ಅಲ್ಲಿಂದ ಸುರಂಗದೊಳಗೆ ಸಾಗಿ ಘಟ್ಟದ ಕೆಳಗಿನ ನಾಗಝರಿ ವಿದ್ಯುದಾಗಾರಕ್ಕೆ ಇಳಿಯುವ ನೀರು ಸುಮಾರು ೩೬೦ ಮೀಟರು ಬೀಳುತ್ತದೆ. ಒಂದು ಘನ ಮೀಟರು ನೀರೆಂದರೆ ೧೦೦೦ ಕಿಲೋಗ್ರಾಂ. ಇದನ್ನು ೯.೮ರಿಂದಲೂ ೩೬೦ರಿಂದಲೂ ಗುಣಿಸಿದರೆ ೩೫ ಲಕ್ಷ ಜೂಲುಗಳಿಗೆ ತುಸು ಹೆಚ್ಚು ಬರುತ್ತದೆ. ಒಂದು ಯೂನಿಟ್ಟು ವಿದ್ಯುತ್ತೆಂದರೆ ೩೬ ಲಕ್ಷ ಜೂಲು. ಅಂದರೆ ನಾಗಝರಿಯಲ್ಲಿ ಬೀಳುವ ಒಂದು ಘನ ಮೀಟರು ನೀರು ಹೆಚ್ಚು ಕಡಿಮೆ ಒಂದು ಯೂನಿಟ್ಟಿಗೆ ಸಮ! ಸುರಂಗದ ಘರ್ಷಣೆ, ಚಕ್ರ ಮತ್ತು ಜನಕಯಂತ್ರಗಳ ನಷ್ಟವನ್ನು ಕಳೆದರೆ ಮುಕ್ಕಾಲಿಗೂ ಮಿಕ್ಕಿ ಉಳಿಯುತ್ತದೆ. ಬಾವಿಯಿಂದ ಸೇದಿದ ಅರುವತ್ತು ಎಪ್ಪತ್ತು ಕೊಡ ನೀರು ಅಷ್ಟೆತ್ತರದಿಂದ ಬಿದ್ದರೆ, ಒಂದು ಟ್ರಾಕ್ಟರಿನ ಬ್ಯಾಟರಿ ತುಂಬುವಷ್ಟು ಶಕ್ತಿ ದೊರೆಯುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು.

ಕಾಳಿಯ ವೈಶಿಷ್ಟ್ಯವೆಂದರೆ ಅದೇ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದು ನಾಲ್ಕು ಸಲ ದುಡಿಯುವುದು. ಸುಪಾ ಜಲಾಶಯದ ಪೂರ್ಣ ಮಟ್ಟ ೫೬೪ ಮೀಟರು, ಬೊಮ್ಮನಹಳ್ಳಿಯದು ಮೇಲೆ ಹೇಳಿದಂತೆ ೪೩೮, ಕೊಡಸಳ್ಳಿಯದು ೭೫.೫, ಕದ್ರಾದ್ದು ೩೪.೫. ಸುಪಾದ ಬುಡದಲ್ಲಿ ೧೦೦ ಮೆಗಾವಾಟಿನ ಕೇಂದ್ರವಿದೆ. ನಾಗಝರಿಯ ಆರು ಯಂತ್ರಗಳು ಮೊದಲು ತಲಾ ೧೩೫ ಮೆಗಾವಾಟಿನವಾಗಿದ್ದು ಮುಂದೆ ತಲಾ ೧೫೦ಕ್ಕೆ ಏರಿಸಲ್ಪಟ್ಟವು. ಕೊಡಸಳ್ಳಿ ೧೨೦, ಕದ್ರಾ ೧೫೦ ಮೆಗಾವಾಟಿನವು. ಇವೆರಡೂ ೧೯೯೦ರ ದಶಕದ ಕೊನೆಯಲ್ಲಿ ಸಿದ್ಧವಾದವು. ಕದ್ರಾದಲ್ಲಿ ಅದೇ ಒಂದು ಘನ ಮೀಟರು ನೀರು ಕೊಡುವ ಶಕ್ತಿ ಯೂನಿಟ್ಟಿನ ಹತ್ತನೆಯ ಒಂದು ಪಾಲಿಗೂ ಕಡಿಮೆ. ಎತ್ತರವೇ ಇಲ್ಲಿ ಐಶ್ವರ್ಯ. ಘಟ್ಟದ ಕೆಳಗಿನ ನೀರು ಎಷ್ಟೇ ವಿಪುಲವಾಗಿದ್ದರೂ ಮೇಲಿನ ನೀರಿಗೆ ಸಾಟಿಯಾಗದು.

ಆದರೆ ಎತ್ತರವೊಂದಿದ್ದರೆ ಸಾಲದು, ಉಗ್ರಾಣವೂ ಬೇಕು. ಪಡುವಣ ಘಟ್ಟದಲ್ಲಿ ಮಳೆ ಬೀಳುವುದು ಜೂನಿನಿಂದ ಸೆಪ್ಟೆಂಬರಿನವರೆಗೆ. ಆ ನಾಲ್ಕು ತಿಂಗಳು ಹೊಲಗಳ ಪಂಪುಗಳು ಬಹುಮಟ್ಟಿಗೆ ನಿಂತಿರುತ್ತವೆ. ವಿದ್ಯುತ್ತಿನ ಬೇಡಿಕೆ ಇಳಿದಿರುತ್ತದೆ. ಬೇಡಿಕೆ ತುದಿ ಮುಟ್ಟುವುದು ಮಾರ್ಚಿಯಿಂದ ಮೇ ತಿಂಗಳವರೆಗೆ, ಹಳ್ಳಗಳೆಲ್ಲ ಬತ್ತಿ ನಿಂತಾಗ. ವಿದ್ಯುತ್ತನ್ನು ವಿದ್ಯುತ್ತಾಗಿಯೇ ಅಷ್ಟು ತಿಂಗಳು ಕೂಡಿಡುವ ಸಾಧನವು ಇಂದಿಗೂ ಅಗ್ಗವಾಗಿ ದೊರೆಯದು. ನೀರನ್ನಾದರೋ ಕೂಡಿಡಬಹುದು. ೧೦೧ ಮೀಟರು ಎತ್ತರದ ಸುಪಾ ಅಣೆಕಟ್ಟು ಹೀಗೆ ಕೂಡಿಡುವ ಕಣಜ. ಅದು ಹಿಡಿಯಬಲ್ಲ ನೀರು ಸುಮಾರು ೧೪೭ ಟಿ.ಎಂ.ಸಿ. ಅಡಿ. ಒಂದು ಟಿ.ಎಂ.ಸಿ. ಎಂದರೆ ೨.೮೩ ಕೋಟಿ ಘನ ಮೀಟರು. ನಷ್ಟಗಳನ್ನು ಕಳೆದು ನೋಡಿದರೆ ನಾಗಝರಿಯೊಂದರಲ್ಲಿಯೇ ಒಂದು ಟಿ.ಎಂ.ಸಿ. ನೀರಿನಿಂದ ಎರಡು ಕೋಟಿಗೂ ಮಿಕ್ಕಿ ಯೂನಿಟ್ಟು ಹುಟ್ಟುತ್ತದೆ.

ಈ ಕಣಜಕ್ಕೆ ತೆತ್ತ ಬೆಲೆಯನ್ನು ಮರೆಯುವಂತಿಲ್ಲ. ತಾಲೂಕಿನ ಮುಖ್ಯ ಸ್ಥಳವಾಗಿದ್ದ ಸುಪಾ ಊರೇ ನೀರಿನಡಿಗೆ ಹೋಯಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಸಾಗಿದವು. ಮನೆ ಗದ್ದೆ ಕಳೆದುಕೊಂಡವರಲ್ಲಿ ಬಹುಜನ ರಾಮನಗರದಲ್ಲಿ ನೆಲೆಸಬೇಕಾಯಿತು. ಬೇಸಗೆಯಲ್ಲಿ ಬೆಂಗಳೂರಿನ ಮನೆಯೊಂದರಲ್ಲಿ ಪಂಖ ತಿರುಗುವಾಗ, ಆ ಗಾಳಿಯ ಹಿಂದೆ ಒಂದು ಊರಿನ ಅಂಗಳವಿದೆಯೆಂಬುದು ಪಠ್ಯಪುಸ್ತಕದ ಕೋಷ್ಟಕಗಳಲ್ಲಿ ಕಾಣಿಸದು.

ಕೂಡಿಟ್ಟ ನೀರು ಕೆಳಗಿನವರ ಪಾಲಿಗೆ ಇನ್ನೊಂದು ಪ್ರಶ್ನೆಯನ್ನೂ ತಂದಿದೆ. ವಿದ್ಯುತ್ತಿನ ದೃಷ್ಟಿಯಿಂದ ಜಲಾಶಯ ಎಷ್ಟು ಬೇಗ ತುಂಬಿದರೆ ಅಷ್ಟು ಲೇಸು. ನೆರೆಯ ದೃಷ್ಟಿಯಿಂದ ಅದರಲ್ಲಿ ಎಷ್ಟು ಜಾಗ ಖಾಲಿಯಿದ್ದರೆ ಅಷ್ಟು ಲೇಸು. ೨೦೧೯ರ ಆಗಸ್ಟಿನಲ್ಲಿಯೂ ೨೦೨೧ರ ಜುಲೈಯಲ್ಲಿಯೂ ಮಳೆ ಮಿತಿಮೀರಿದಾಗ ಕದ್ರಾದ ಬಾಗಿಲುಗಳನ್ನು ತೆರೆಯಬೇಕಾಯಿತು. ಕೆಳದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತವು. ಕದ್ರಾ ಸಣ್ಣ ಜಲಾಶಯ; ಸುಪಾದಂತೆ ನೆರೆಯನ್ನು ನುಂಗಿ ಕೂರುವ ಹೊಟ್ಟೆ ಅದಕ್ಕಿಲ್ಲ. ಆದುದರಿಂದ ಮಳೆಗಾಲದಲ್ಲಿ ಅದನ್ನು ಯಾವ ಮಟ್ಟದಲ್ಲಿ ಇರಿಸಿಕೊಳ್ಳಬೇಕೆಂಬುದು ಎಂಜಿನಿಯರರ ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ, ದಂಡೆಯ ಮೇಲೆ ಮನೆ ಇರುವವರ ನಿದ್ರೆಯ ಲೆಕ್ಕವೂ ಹೌದು.

ಕದ್ರಾ ಜಲಾಶಯದ ನೀರಿಗೆ ಮತ್ತೊಂದು ಕೆಲಸವಿದೆ. ಅದರ ದಂಡೆಯಲ್ಲಿರುವ ಕೈಗಾ ಸ್ಥಾವರವು ತನ್ನ ಯಂತ್ರಗಳನ್ನು ತಂಪಾಗಿಸಲು ಇದೇ ನೀರನ್ನು ಬಳಸುತ್ತದೆ. ಕೈಗಾದ ಚರಿತ್ರೆ ವಿವಾದದಿಂದಲೇ ಆರಂಭವಾಯಿತು. ಡಾ. ಶಿವರಾಮ ಕಾರಂತರು ೧೯೮೯ರ ಲೋಕಸಭಾ ಚುನಾವಣೆಯಲ್ಲಿ ಈ ಸ್ಥಾವರದ ವಿರೋಧವನ್ನೇ ಮುಂದಿಟ್ಟು ಈ ಜಿಲ್ಲೆಯ ಕ್ಷೇತ್ರದಿಂದ ಸ್ಪರ್ಧಿಸಿದ್ದರು. ೧೯೯೪ರ ಮೇ ತಿಂಗಳಿನಲ್ಲಿ, ಕಟ್ಟುತ್ತಿದ್ದಾಗಲೇ, ಒಂದನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಿತು. ಹೀಗಾಗಿ ಎರಡನೆಯ ಘಟಕವೇ ಮೊದಲು, ೨೦೦೦ದ ಮಾರ್ಚಿಯಲ್ಲಿ, ವಾಣಿಜ್ಯ ಉತ್ಪಾದನೆಗೆ ತೊಡಗಿತು. ಒಂದನೆಯದು ಅದೇ ವರ್ಷದ ನವೆಂಬರಿನಲ್ಲಿ. ಮೂರನೆಯದು ೨೦೦೭ರಲ್ಲಿ, ನಾಲ್ಕನೆಯದು ೨೦೧೧ರಲ್ಲಿ ಸೇರಿ, ತಲಾ ೨೨೦ರಂತೆ ಒಟ್ಟು ೮೮೦ ಮೆಗಾವಾಟು ಆಯಿತು. ಕಾಂಕ್ರೀಟು ಕಳಚಿದ ಆ ಒಂದನೆಯ ಘಟಕವೇ ಮುಂದೆ ೨೦೧೬ರ ಮೇ ತಿಂಗಳಿನಿಂದ ೨೦೧೮ರ ಕೊನೆಯವರೆಗೆ ೯೬೨ ದಿನ ನಿಲ್ಲದೆ ನಡೆದು ಆಗಿನ ಜಗತ್ತಿನ ದಾಖಲೆಯನ್ನು ಮುರಿಯಿತು.

ಅಣುಸ್ಥಾವರದ ಸ್ವಭಾವವೇ ಹಾಗೆ. ಅದನ್ನು ಹಗಲು ರಾತ್ರಿ ಒಂದೇ ಗತಿಯಲ್ಲಿ ನಡೆಸುವುದು ಲೇಸು. ಸಂಜೆ ಏರಿಸಿ ನಡುರಾತ್ರಿ ಇಳಿಸುವ ಆಟಕ್ಕೆ ಅದು ಒಗ್ಗದು. ನಾಲ್ಕೂ ಘಟಕಗಳು ಪೂರ್ಣ ನಡೆದರೆ ದಿನಕ್ಕೆ ಸುಮಾರು ೨.೧ ಕೋಟಿ ಯೂನಿಟ್ಟು, ಅಂದರೆ ನಾಗಝರಿಯಲ್ಲಿ ಒಂದು ಟಿ.ಎಂ.ಸಿ. ನೀರು ಕೊಡುವುದಕ್ಕೆ ಹತ್ತಿರ. ಜಲಚಕ್ರವನ್ನಾದರೋ ಕೆಲವೇ ನಿಮಿಷಗಳಲ್ಲಿ ತಿರುಗಿಸಬಹುದು, ನಿಲ್ಲಿಸಲೂಬಹುದು. ಸಂಜೆ ಏಳು ಗಂಟೆಗೆ ನಾಡಿನ ಮನೆಗಳಲ್ಲೆಲ್ಲ ಒಮ್ಮೆಲೇ ದೀಪ ಹೊತ್ತಿದಾಗ ಆ ಹೊರೆಯನ್ನು ಹೊರುವುದು ನೀರು. ಹಗಲಿನ ಹೊತ್ತು ಪಾವಗಡದಂತಹ ಕಡೆಗಳ ಸೌರಫಲಕಗಳು ದುಡಿಯತೊಡಗಿದ ಮೇಲೆ ಸುಪಾದಂತಹ ಕಣಜದ ಬೆಲೆ ಇನ್ನೂ ಏರಿದೆ: ಬಿಸಿಲಿರುವಾಗ ನೀರನ್ನು ಉಳಿಸಿ, ಸೂರ್ಯಾಸ್ತದ ತರುವಾಯ ಖರ್ಚು ಮಾಡಬಹುದು.

ಇಲ್ಲಿಯವರೆಗೆ ಹೇಳಿದ್ದು ಉತ್ಪಾದನೆ ಮತ್ತು ಸಂಗ್ರಹದ ಮಾತು. ಈ ಶಕ್ತಿಯು ಕೈಗಾದಿಂದ ೪೦೦ ಕಿಲೋವೋಲ್ಟಿನ, ನಾಗಝರಿಯಿಂದ ೨೨೦ ಕಿಲೋವೋಲ್ಟಿನ ತಂತಿಗಳ ಮೇಲೆ ಘಟ್ಟ ಹತ್ತಿ ಹೋಗುತ್ತದೆ. ಕಾಡಿನ ನಡುವೆ ಆ ಉಕ್ಕಿನ ಗೋಪುರಗಳು ಸಾಲಾಗಿ ನಿಂತಿವೆ. ಅವುಗಳ ಅಡಿಯಲ್ಲಿಯೇ ಮನೆಯಿರುವ ರೈತನು, ನಮ್ಮ ತಲೆಯ ಮೇಲೆ ಇಷ್ಟು ವಿದ್ಯುತ್ತು ಹರಿಯುತ್ತಿರುವಾಗ ನಮಗೊಂದು ತಂತಿ ಏಕೆ ಇಳಿಸಬಾರದು ಎಂದು ಕೇಳಿದರೆ ಆ ಪ್ರಶ್ನೆ ಸಹಜವಾದದ್ದೇ. ಉತ್ತರ ಮಾತ್ರ ಸ್ವಲ್ಪ ಉದ್ದ.

ವಿದ್ಯುತ್ತನ್ನು ದೂರ ಸಾಗಿಸುವಾಗ ತಂತಿ ಬಿಸಿಯಾಗಿ ಆಗುವ ನಷ್ಟವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪ್ರವಾಹ ಇಮ್ಮಡಿಯಾದರೆ ನಷ್ಟ ನಾಲ್ಮಡಿ. ಅದೇ ಶಕ್ತಿಯನ್ನು ಹೆಚ್ಚಿನ ವೋಲ್ಟಿನಲ್ಲಿ ಸಾಗಿಸಿದರೆ ಪ್ರವಾಹ ತಗ್ಗುತ್ತದೆ, ನಷ್ಟ ಅದಕ್ಕಿಂತ ಎಷ್ಟೋ ಪಟ್ಟು ತಗ್ಗುತ್ತದೆ. ಲಕ್ಷಗಟ್ಟಲೆ ವೋಲ್ಟು ಬಳಸುವುದು ಇದೇ ಕಾರಣದಿಂದ. ಆದರೆ ಆ ತಂತಿಯಿಂದ ಹತ್ತು ಮನೆಗಳಿಗೆ ನೇರವಾಗಿ ಕವಲು ತೆಗೆಯುವುದು ಸಾಧ್ಯವಿಲ್ಲ. ದೊಡ್ಡ ಉಪಕೇಂದ್ರದಲ್ಲಿ ಅದನ್ನು ೧೧೦ಕ್ಕೋ ೩೩ಕ್ಕೋ ಇಳಿಸಿ, ಅಲ್ಲಿಂದ ೧೧ ಕಿಲೋವೋಲ್ಟಿನ ಫೀಡರಿನ ಮೂಲಕ ಹಳ್ಳಿಗೆ ತಂದು, ಹಳ್ಳಿಯ ಟ್ರಾನ್ಸ್‌ಫಾರ್ಮರಿನಲ್ಲಿ ಮತ್ತೆ ಇಳಿಸಿ ೨೩೦ ವೋಲ್ಟು ಮಾಡಿದ ಮೇಲೆಯೇ ಅದು ಮನೆಯ ದೀಪಕ್ಕೆ ತಕ್ಕುದಾಗುತ್ತದೆ. ಸಾಗರದ ದೊಡ್ಡ ಹಡಗು ಊರ ಹಳ್ಳದೊಳಗೆ ಬಾರದು. ಸಣ್ಣ ದೋಣಿಗೆ ಇಳಿಸಿಯೇ ಸರಕನ್ನು ತರಬೇಕು. ಹೀಗಾಗಿ ವಿದ್ಯುದಾಗಾರ ಎಷ್ಟು ಹತ್ತಿರವಿದೆಯೆಂಬುದರ ಮೇಲೆ ಹಳ್ಳಿಯ ಬೆಳಕು ನಿಂತಿಲ್ಲ. ಕೊನೆಯ ಟ್ರಾನ್ಸ್‌ಫಾರ್ಮರು ಎಷ್ಟು ಹತ್ತಿರವಿದೆಯೆಂಬುದರ ಮೇಲೆ ನಿಂತಿದೆ.

ಈ ಮಾತಿಗೂ ಒಂದು ಲೆಕ್ಕ. ಟ್ರಾನ್ಸ್‌ಫಾರ್ಮರಿನಿಂದ ಒಂದು ಕಿಲೋಮೀಟರು ದೂರದಲ್ಲಿ ಒಂದು ಮಜರೆಯಿದೆಯೆಂದುಕೊಳ್ಳೋಣ. ಹಳ್ಳಿಗಳಲ್ಲಿ ಬಳಸುವ ತೆಳು ಅಲ್ಯೂಮಿನಿಯಂ ತಂತಿಯ ರೋಧ ಕಿಲೋಮೀಟರಿಗೆ ಸುಮಾರು ೧.೪ ಓಮು. ಹೋಗುವ ತಂತಿ, ಬರುವ ತಂತಿ ಎರಡೂ ಸೇರಿ ೨.೮ ಓಮು. ಸಂಜೆ ಆ ಮಜರೆಯವರೆಲ್ಲ ಸೇರಿ ೨೦ ಆಂಪಿಯರು ಎಳೆದರೆ ದಾರಿಯಲ್ಲಿಯೇ ೫೬ ವೋಲ್ಟು ಕಳೆದುಹೋಗುತ್ತದೆ. ೨೩೦ ವೋಲ್ಟು ಹೊರಟದ್ದು ೧೭೪ ಆಗಿ ತಲುಪುತ್ತದೆ. ಹಳೆಯ ಕಾಲದ ಬಲ್ಬಾದರೆ ಕೆಂಡದಂತೆ ಕೆಂಪಗೆ ಮಿನುಗುತ್ತದೆ. ಪಂಪಿನ ಮೋಟಾರು ಗುಂಯ್ಯೆಂದು ಸದ್ದು ಮಾಡುತ್ತದೆಯೇ ಹೊರತು ನೀರೆತ್ತದು. ವೋಲ್ಟು ಕಡಿಮೆಯಾದಂತೆ ಹೆಚ್ಚು ಪ್ರವಾಹವೆಳೆದು ಸುರುಳಿಯೇ ಸುಟ್ಟುಹೋಗುವುದೂ ಉಂಟು. ಹನ್ನೊಂದು ಸಾವಿರ ವೋಲ್ಟಿನ ತಂತಿಯನ್ನೇ ಮಜರೆಯವರೆಗೆ ಒಯ್ದು ಅಲ್ಲೊಂದು ಸಣ್ಣ ಟ್ರಾನ್ಸ್‌ಫಾರ್ಮರು ಕೂರಿಸಿದರೆ ಈ ಪ್ರವಾಹ ಸುಮಾರು ನಲವತ್ತೆಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ತಂತಿಯಲ್ಲಿನ ನಷ್ಟ ಎರಡು ಸಾವಿರದಲ್ಲೊಂದು ಪಾಲಿಗೂ ಕಡಿಮೆಯಾಗುತ್ತದೆ. ಖರ್ಚು ಹೆಚ್ಚು, ನಿಜ. ಆದರೆ ಅದು ಒಮ್ಮೆ ಮಾಡುವ ಖರ್ಚು. ಸುಟ್ಟ ಮೋಟಾರಿನದು ವರ್ಷವರ್ಷದ್ದು.

ಇನ್ನು ಕಾಗದದ ಮೇಲಿನ ವಿದ್ಯುದೀಕರಣದ ಕಥೆ. ೧೯೬೯ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಯಾದ ಮೇಲೆ ದೇಶದಲ್ಲೆಲ್ಲ ಹಳ್ಳಿಗಳಿಗೆ ತಂತಿ ಎಳೆಯುವ ಕೆಲಸ ಭರದಿಂದ ನಡೆಯಿತು. ಆದರೆ ೧೯೯೭ರವರೆಗೆ, ಹಳ್ಳಿಯ ಕಂದಾಯದ ಎಲ್ಲೆಯೊಳಗೆ ಯಾವುದೇ ಉದ್ದೇಶಕ್ಕೆ ಒಂದು ಕಡೆ ವಿದ್ಯುತ್ತು ಬಳಕೆಯಾದರೂ ಆ ಹಳ್ಳಿ ವಿದ್ಯುದೀಕೃತವೆಂದೇ ಲೆಕ್ಕ. ಒಂದು ಪಂಪು ಇದ್ದರೆ ಸಾಕು! ಆ ವರ್ಷ, ಜನವಸತಿಯ ಜಾಗದಲ್ಲಿಯೇ ಬಳಕೆಯಿರಬೇಕೆಂದು ತಿದ್ದಲಾಯಿತು. ೨೦೦೪ರಲ್ಲಿ ಇನ್ನೂ ಬಿಗಿ ಮಾಡಿ, ನೂರಕ್ಕೆ ಹತ್ತು ಮನೆಗಳಿಗಾದರೂ ಸಂಪರ್ಕವಿರಬೇಕು, ದಲಿತ ಕೇರಿಯಿದ್ದರೆ ಅಲ್ಲಿಗೂ ವಿತರಣಾ ವ್ಯವಸ್ಥೆ ಮುಟ್ಟಬೇಕು, ಶಾಲೆ ಪಂಚಾಯತಿಗಳಿಗೂ ದೊರೆಯಬೇಕು ಎಂದು ನಿಯಮಿಸಿದರು. ೨೦೧೮ರ ಏಪ್ರಿಲಿನಲ್ಲಿ ದೇಶದ ಎಲ್ಲ ಹಳ್ಳಿಗಳೂ ವಿದ್ಯುದೀಕೃತವಾದವೆಂದು ಸರಕಾರ ಸಾರಿದಾಗ ಬಳಸಿದ ಅಳತೆಗೋಲು ಇದೇ. ಬಯಲುಸೀಮೆಯಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಮನೆಗಳು. ಅಲ್ಲಿ ಈ ಅಳತೆ ಒಂದಿಷ್ಟು ಸರಿಹೊಂದೀತು. ಉತ್ತರ ಕನ್ನಡದಲ್ಲಿ ಊರೆಂದರೆ ಗುಡ್ಡದ ಆಚೆಗೊಂದು, ಹಳ್ಳದ ಈಚೆಗೊಂದು ಹಂಚಿಹೋದ ಮನೆಗಳು. ಅಂಕೋಲೆಯ ಅಚವೆ, ಹಿಲ್ಲೂರು, ಡೋಂಗ್ರಿಗಳ ಕಡೆಗಾಗಲಿ, ಕಾರವಾರದ ಗೋಟೆಗಾಳಿಯ ಕಡೆಗಾಗಲಿ ಹೋಗಿ ನೋಡಿದವರಿಗೆ ಇದು ಗೊತ್ತು. ಪಟ್ಟಿಯಲ್ಲಿ ಹಳ್ಳಿಗೆ ಗುರುತು ಬಿದ್ದರೂ ಮಜರೆ ಹಿಂದೆಯೇ ಉಳಿಯುತ್ತದೆ. ಮನೆಯನ್ನೇ ಎಣಿಕೆಯ ಘಟಕವಾಗಿ ಹಿಡಿದ ೨೦೧೭ರ ಸೌಭಾಗ್ಯ ಯೋಜನೆಯು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಅಷ್ಟು ತಡವಾಗಿ ಬರಬೇಕಾಗಿರಲಿಲ್ಲ.

ಇಲ್ಲಿ ತಂತಿ ಎಳೆಯುವುದಕ್ಕೆ ಕಾಡೇ ದೊಡ್ಡ ತೊಡಕು. ಜಿಲ್ಲೆಯ ನೆಲದಲ್ಲಿ ಬಹುಪಾಲು ಅರಣ್ಯ. ೧೯೮೦ರ ಅರಣ್ಯ ಸಂರಕ್ಷಣಾ ಕಾಯಿದೆಯ ಪ್ರಕಾರ ಅರಣ್ಯಭೂಮಿಯನ್ನು ಅನ್ಯ ಕಾರ್ಯಕ್ಕೆ ಬಳಸಲು ಕೇಂದ್ರದ ಅನುಮತಿ ಬೇಕು. ಕಾಯಿದೆ ಒಳ್ಳೆಯದೇ, ಅದಿಲ್ಲದಿದ್ದರೆ ಕಾಡು ಇನ್ನಷ್ಟು ಬರಿದಾಗುತ್ತಿತ್ತು. ಆದರೆ ಅಣೆಕಟ್ಟಿಗೆ ಸಾವಿರಾರು ಎಕರೆ ಮುಳುಗಿದ ನಾಡಿನಲ್ಲಿ ನಾಲ್ಕು ಕಂಬಗಳಿಗೆ ವರ್ಷಗಟ್ಟಲೆ ಕಾಯಬೇಕಾದುದು ವಿಚಿತ್ರವೇ. ೨೦೦೬ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಇದಕ್ಕೊಂದು ದಾರಿಯಿದೆ: ಗ್ರಾಮಸಭೆಯ ಶಿಫಾರಸಿನ ಮೇಲೆ, ಒಂದು ಹೆಕ್ಟೇರಿಗಿಂತ ಹೆಚ್ಚಿಲ್ಲದ ನೆಲವನ್ನು, ಹೆಕ್ಟೇರಿಗೆ ೭೫ಕ್ಕಿಂತ ಹೆಚ್ಚು ಮರ ಕಡಿಯದೆ, ವಿದ್ಯುತ್ ತಂತಿ ಶಾಲೆ ಮೊದಲಾದ ಸೌಕರ್ಯಗಳಿಗೆ ಬಿಟ್ಟುಕೊಡಬಹುದು. ಈ ಅವಕಾಶವನ್ನು ಅರಿತ ಗ್ರಾಮಸಭೆಗಳು ಹೆಚ್ಚಬೇಕು.

ಎಳೆದ ತಂತಿಯನ್ನು ಉಳಿಸಿಕೊಳ್ಳುವುದು ಬೇರೆಯೇ ಸಾಹಸ. ಜೂನಿನ ಮೊದಲ ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಫೀಡರೇ ನಿಂತುಹೋಗುತ್ತದೆ. ಹತ್ತಾರು ಕಿಲೋಮೀಟರಿನ ದಾರಿಯಲ್ಲಿ ದೋಷ ಎಲ್ಲಿದೆಯೆಂದು ಪವರ್‌ಮ್ಯಾನನು ಮಳೆಯಲ್ಲಿ ನಡೆದೇ ಹುಡುಕಬೇಕು. ಬರಿಯ ತಂತಿಯ ಬದಲು ರಬ್ಬರಿನಂತಹ ಹೊದಿಕೆಯುಳ್ಳ ಕೇಬಲ್ಲನ್ನು ಕಾಡಿನ ಭಾಗದಲ್ಲಾದರೂ ಬಳಸಿದರೆ ಕೊಂಬೆ ತಾಗಿದರೂ ವಿದ್ಯುತ್ತು ನಿಲ್ಲದು. ಉದ್ದ ಫೀಡರನ್ನು ತುಂಡು ತುಂಡಾಗಿ ಬೇರ್ಪಡಿಸುವ ಸ್ವಿಚ್ಚುಗಳಿದ್ದರೆ ಒಂದು ಮೂಲೆಯ ದೋಷಕ್ಕೆ ಇಡೀ ಸೀಮೆ ಕತ್ತಲಾಗದು. ೨೦೨೩ರಿಂದ ಗೃಹಜ್ಯೋತಿ ಯೋಜನೆಯಲ್ಲಿ ರಾಜ್ಯದ ಮನೆಗಳಿಗೆ ತಿಂಗಳಿಗೆ ೨೦೦ ಯೂನಿಟ್ಟಿನ ಮಿತಿಯೊಳಗೆ ವಿದ್ಯುತ್ತು ಉಚಿತವಾಗಿ ದೊರೆಯತೊಡಗಿತು. ಬಡವರಿಗೆ ಅದು ನೆರವೇ ಸರಿ. ಬಾರದ ವಿದ್ಯುತ್ತು ಉಚಿತವಾದರೂ ಒಂದೇ, ಅಲ್ಲವಾದರೂ ಒಂದೇ.

ಕರಾವಳಿಯ ಮೀನುಗಾರರಿಗೆ ಈ ಅಡಚಣೆಯ ಪೆಟ್ಟು ಬೇರೆ ಬಗೆಯದು. ಕಾರವಾರದ ಬೈತಖೋಲ, ಅಂಕೋಲೆಯ ಬೇಲೇಕೇರಿಗಳಲ್ಲಿ ದೋಣಿ ಹೊರಡಬೇಕಾದರೆ ಮಂಜುಗಡ್ಡೆ ಬೇಕು. ೩೦ ಡಿಗ್ರಿಯ ಒಂದು ಗ್ರಾಂ ನೀರನ್ನು ಸೊನ್ನೆಗಿಳಿಸಲು ೩೦ ಕ್ಯಾಲೊರಿ, ಹೆಪ್ಪುಗಟ್ಟಿಸಲು ಮತ್ತೆ ೮೦ ಕ್ಯಾಲೊರಿ ಉಷ್ಣವನ್ನು ಹೊರತೆಗೆಯಬೇಕು. ಒಂದು ಟನ್ನು ಮಂಜುಗಡ್ಡೆಗೆ ಯಂತ್ರವು ಸುಮಾರು ಐವತ್ತರಿಂದ ಎಪ್ಪತ್ತು ಯೂನಿಟ್ಟು ತಿನ್ನುತ್ತದೆ. ಸೂಕ್ಷ್ಮವಾಗಿ ನೋಡಿದರೆ ಮಂಜುಗಡ್ಡೆಯೂ ವಿದ್ಯುತ್ತಿನ ಒಂದು ಉಗ್ರಾಣವೇ: ರಾತ್ರಿ ವಿದ್ಯುತ್ತಿದ್ದಾಗ ಮಾಡಿಟ್ಟ ತಂಪನ್ನು ನಾಳೆ ಕಡಲಿನ ನಡುವೆ ಖರ್ಚು ಮಾಡುತ್ತಾರೆ. ವಿದ್ಯುತ್ತು ತಪ್ಪಿದ ದಿನ ಬಲೆಗೆ ಬಿದ್ದ ಬಂಗಡೆಯು ಸಿಕ್ಕಿದ ಬೆಲೆಗೆ ಹೋಗುತ್ತದೆ.

ತಂತಿ ತಲುಪಲಾರದ ಒಂಟಿ ಮನೆಗಳಿಗೆ ಸೌರದೀಪ ಬಂದಿದೆ. ಕರ್ನಾಟಕದಲ್ಲಿ ಸೆಲ್ಕೋ ಸಂಸ್ಥೆಯು ೧೯೯೫ರಿಂದ ಗ್ರಾಮೀಣ ಬ್ಯಾಂಕುಗಳ ಸಾಲದ ನೆರವಿನಿಂದ ಇಂತಹ ದೀಪಗಳನ್ನು ಹಳ್ಳಿಮನೆಗಳಿಗೆ ಮುಟ್ಟಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ ೨೦೧೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ೧೨ ವೋಲ್ಟಿನ ೪೦ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧ ಯೂನಿಟ್ಟಿನಷ್ಟು ಶಕ್ತಿಯಿರುತ್ತದೆ. ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದರೆ ಬೇಗ ಕೆಡುವುದರಿಂದ ಅರ್ಧವನ್ನೇ ಬಳಸಬೇಕು. ಅಷ್ಟರಲ್ಲಿ ಏಳು ವಾಟಿನ ಮೂರು ದೀಪಗಳು ಹತ್ತು ಗಂಟೆಗೂ ಮಿಕ್ಕಿ ಉರಿಯುತ್ತವೆ. ಓದುವ ಮಗುವಿಗೆ ಇದು ಧಾರಾಳ. ಆದರೆ ಜುಲೈಯಲ್ಲಿ ವಾರಗಟ್ಟಲೆ ಸೂರ್ಯನ ಮುಖವೇ ಕಾಣದ ನಾಡು ಇದು. ಆಗ ಫಲಕ ಸೊರಗುತ್ತದೆ. ಅದೇ ಹೊತ್ತಿಗೆ ಮನೆಯ ಹಿಂದಿನ ಹಳ್ಳ ಮೈದುಂಬಿ ಧುಮುಕುತ್ತಿರುತ್ತದೆ. ಸೆಕೆಂಡಿಗೆ ೫ ಲೀಟರು ನೀರು ೨೦ ಮೀಟರು ಬಿದ್ದರೆ ಸುಮಾರು ೯೮೦ ವಾಟು. ಸಣ್ಣ ಯಂತ್ರವು ಅರ್ಧವನ್ನು ಕಳೆದರೂ ಒಂದು ಮನೆಗೆ ಬೇಕಾದ್ದಕ್ಕಿಂತ ಹೆಚ್ಚು ಉಳಿಯುತ್ತದೆ. ಮಲೆನಾಡಿನ ಕೆಲವು ಮನೆಗಳವರು ಇಂತಹ ಕಿರುಯಂತ್ರಗಳನ್ನು ಕೂರಿಸಿಕೊಂಡಿದ್ದಾರೆ. ಬಿಸಿಲು ಮತ್ತು ಹಳ್ಳ ಒಂದು ಬತ್ತಿದಾಗ ಇನ್ನೊಂದು ತುಂಬುವ ಇಂತಹ ಜೋಡಿ ಬಯಲುಸೀಮೆಗೆ ದೊರೆತಿಲ್ಲ.

ಅಂಕೋಲೆಯ ನದಿ ಗಂಗಾವಳಿಯ ಮಾತನ್ನು ಬಿಟ್ಟರೆ ಈ ವಿಷಯ ಅಪೂರ್ಣವಾಗುತ್ತದೆ. ಘಟ್ಟದ ಮೇಲೆ ಬೇಡ್ತಿಯೆಂದು ಕರೆಯುವ ಈ ನದಿಗೂ ಅಣೆಕಟ್ಟು ಕಟ್ಟಿ ವಿದ್ಯುತ್ತು ತೆಗೆಯುವ ಯೋಜನೆ ಸಿದ್ಧವಾಗಿತ್ತು. ಅಡಿಕೆ ತೋಟಗಳೂ ಕಾಡೂ ಮುಳುಗುವುದನ್ನು ಕಂಡ ಜನ ವಿರೋಧಿಸಿದರು. ೧೯೮೧ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳು, ತಜ್ಞರು, ತೋಟಿಗರು ಒಂದೆಡೆ ಕೂಡಿ ಯೋಜನೆಯ ಲಾಭನಷ್ಟಗಳನ್ನು ಅಂಕೆಸಂಖ್ಯೆಗಳಿಂದಲೇ ಒರೆಗೆ ಹಚ್ಚಿದರು, ಯೋಜನೆ ನಿಂತಿತು. ಕೇವಲ ಘೋಷಣೆ ಕೂಗದೆ ಲೆಕ್ಕಕ್ಕೆ ಲೆಕ್ಕದಿಂದ ಉತ್ತರ ಕೊಟ್ಟ ಆ ರೀತಿ ವಿದ್ಯಾರ್ಥಿಗಳು ಗಮನಿಸತಕ್ಕದ್ದು.

ಆದುದರಿಂದ ಈ ಪಾಠದ ಅಭ್ಯಾಸವೂ ಲೆಕ್ಕದ್ದೇ ಆಗಿರಲಿ. ತಂತಿಯನ್ನಾಗಲಿ ಕಂಬವನ್ನಾಗಲಿ ಮುಟ್ಟದೆ, ದೂರದಿಂದಲೇ, ಊರಿನ ಟ್ರಾನ್ಸ್‌ಫಾರ್ಮರಿನಿಂದ ತೊಡಗಿ ತಂತಿಯ ಜಾಡಿನಲ್ಲಿ ಕೊನೆಯ ಮನೆಯವರೆಗೆ ಕಂಬಗಳನ್ನು ಎಣಿಸಬೇಕು. ಎರಡು ಕಂಬಗಳ ನಡುವಿನ ಅಂತರ ಸುಮಾರು ೫೦ ಮೀಟರೆಂದು ಹಿಡಿದರೆ ಇಪ್ಪತ್ತು ಕಂಬಕ್ಕೆ ಒಂದು ಕಿಲೋಮೀಟರಾಯಿತು. ಆ ಸಾಲಿನಲ್ಲಿ ಎಷ್ಟು ಮನೆಗಳಿವೆ, ಎಷ್ಟು ಪಂಪುಗಳಿವೆ, ಕಳೆದ ಮಳೆಗಾಲದಲ್ಲಿ ಎಷ್ಟು ರಾತ್ರಿ ದೀಪ ಉರಿಯಲಿಲ್ಲ ಎಂಬುದನ್ನು ಕೊನೆಯ ಮನೆಯವರನ್ನೇ ಕೇಳಿ ಬರೆದುಕೊಳ್ಳಬೇಕು. ಮೇಲೆ ಹೇಳಿದ ೧.೪ ಓಮಿನ ಲೆಕ್ಕವನ್ನು ಹಚ್ಚಿ ಅವರ ಮನೆಗೆ ತಲುಪುವ ವೋಲ್ಟು ಎಷ್ಟೆಂದು ಕಂಡುಹಿಡಿದು, ಆ ಹಾಳೆಯನ್ನು ಮುಂದಿನ ಗ್ರಾಮಸಭೆಯ ದಿನ ಪಂಚಾಯತಿಗೆ ಒಪ್ಪಿಸಬೇಕು.